ತೇಲಬೇಕಾದದ್ದು ತಳ ಸೇರಿತು: ಕೆರೆಯ ಹೂಳಿನಲ್ಲಿ ಪ್ಲಾಸ್ಟಿಕ್ ನುಚ್ಚು

ಶಿವರಾತ್ರಿ ಕಳೆದು ಕೆರೆಯ ತಳ ಕಂಡ ಮೇಲೆ ಹೂಳು ತೆಗೆದು ಅಡಿಕೆ ತೋಟಕ್ಕೆ ಹಾಕುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಆಗ ಬುಟ್ಟಿಯಲ್ಲಿ ಹೊರುತ್ತಿದ್ದರು. ಈಗ ಹೊರುವವರಿಲ್ಲ, ಟ್ರಾಕ್ಟರ್ ಬರುತ್ತದೆ. ಅಷ್ಟೇ ವ್ಯತ್ಯಾಸ. ಗುಡ್ಡದ ಓರೆಯಲ್ಲಿ ಕಾಫಿ, ಕಣಿವೆಯಲ್ಲಿ ಅಡಿಕೆ, ಎರಡರ ನಡುವೆ ಒಂದು ಪುಟ್ಟ ಕೆರೆ. ಮಲೆನಾಡಿನ ಬಹಳಷ್ಟು ಸಣ್ಣ ಹಿಡುವಳಿಗಳು ಇರುವುದೇ ಹೀಗೆ. ಮೇಲಿನ ದರಗು, ಸೊಪ್ಪು, ಮೇಲ್ಮಣ್ಣು ಮಳೆಗೆ ಕೊಚ್ಚಿಕೊಂಡು ಬಂದು ಕೆರೆಯಲ್ಲಿ ಕೂರುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ನಾವು ಅದನ್ನೆತ್ತಿ ಅಡಿಕೆ ಮರದ ಬುಡಕ್ಕೆ ಕೊಡುತ್ತೇವೆ. ಗುಡ್ಡ ಕಳೆದುಕೊಂಡದ್ದನ್ನು ಕಣಿವೆ ಪಡೆಯುತ್ತದೆ. ಕೊಂಡು ತರುವ ಯಾವ ಗೊಬ್ಬರವೂ ಇದಕ್ಕೆ ಸಮನಲ್ಲವೆಂದು ನಂಬಿದವರಲ್ಲಿ ನಾನೂ ಒಬ್ಬ, ಇಂದಿಗೂ ಆ ನಂಬಿಕೆ ಹೋಗಿಲ್ಲ.

ಕಳೆದ ಬಾರಿ ಹೂಳು ಹರಡುತ್ತಿದ್ದಾಗ ಕೆಲಸಕ್ಕೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಒಂದು ಹೆಂಟೆಯನ್ನು ಒಡೆದು ಕೈಯಲ್ಲಿ ಹಿಡಿದುಕೊಂಡು ಬಂದರು. ಹೆಂಟೆಯೊಳಗೆ ಕಪ್ಪಗೆ, ತೆಳ್ಳಗೆ ಏನೋ ಇತ್ತು. ಕೊಳೆತ ಬೇರಿನ ಸಿಪ್ಪೆಯಿರಬೇಕು ಎಂದೆ. “ಬೇರಲ್ಲ ಅಯ್ಯಾ, ಸಸಿ ಚೀಲ. ಎಳೆದು ನೋಡಿ” ಎಂದರು. ಎಳೆದರೆ ಹಿಗ್ಗಿತು, ಆಮೇಲೆ ತುಂಡಾಯಿತು. ಅವರು ಹೇಳಿದ ಮೇಲೆ ಮತ್ತೆ ಹತ್ತು ಹೆಂಟೆ ಒಡೆದು ನೋಡಿದೆವು. ನಾಲ್ಕರಲ್ಲಿ ಅಂಥದೇ ಚೂರುಗಳು ಸಿಕ್ಕವು. ಒಂದರಲ್ಲಿ ಯೂರಿಯಾ ಚೀಲದ ಬಿಳಿ ಎಳೆ.

ನನ್ನನ್ನು ಕಾಡಿದ್ದು ಚೂರು ಸಿಕ್ಕಿತೆಂಬುದಲ್ಲ. ತೋಟದಲ್ಲಿ ಪ್ಲಾಸ್ಟಿಕ್ ಎಲ್ಲಿಲ್ಲ? ಕಾಡಿದ್ದು ಬೇರೆ ಸಂಗತಿ. ಪಾಲಿಥೀನ್ ನೀರಿಗಿಂತ ಹಗುರ. ಅದರ ಸಾಂದ್ರತೆ 0.92ರ ಆಸುಪಾಸು, ನೀರಿನದು 1. ಯೂರಿಯಾ ಚೀಲದ ಪಾಲಿಪ್ರೊಪಿಲೀನ್ ಇನ್ನೂ ಹಗುರ, 0.90. ಇವೆರಡೂ ತೇಲಬೇಕು, ಕೋಡಿ ಬಿದ್ದಾಗ ಹೊಳೆಗೆ ಹೋಗಿಬಿಡಬೇಕು. ಹಾಗೆ ಹೋಗುತ್ತದೆಂದೇ ಇಷ್ಟು ವರ್ಷ ತಿಳಿದಿದ್ದೆ. ಹೇಳಲು ನಾಚಿಕೆಯಾದರೂ ಅದೊಂದು ಸಮಾಧಾನವಾಗಿತ್ತು. ಹಾಗಾದರೆ ಅದು ಕೆರೆಯ ತಳದಲ್ಲಿ, ಅದೂ ಹೆಂಟೆಯ ಹೊಟ್ಟೆಯಲ್ಲಿ ಏನು ಮಾಡುತ್ತಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ತಿಳಿದುಬಂದ ವಿಷಯಗಳನ್ನು ಬೆಳೆಗಾರ ಬಂಧುಗಳ ಮುಂದಿಡುತ್ತಿದ್ದೇನೆ.

ನುಚ್ಚು ಎಂದರೆ ಯಾವುದು?

ವಿಜ್ಞಾನಿಗಳು ಇದನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಕಡಲ ದಂಡೆಯ ಮರಳು ಮತ್ತು ಕೆಸರಿನಲ್ಲಿರುವ ಇಂಥ ಚೂರುಗಳ ಬಗ್ಗೆ ಬರೆದ ಮೇಲೆ ಈ ಹೆಸರು ಎಲ್ಲೆಡೆ ಹಬ್ಬಿತು. 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ತುಣುಕು, ಎಳೆ, ಹಾಳೆಯ ಚೂರು ಎಲ್ಲವೂ ಇದರಲ್ಲಿ ಸೇರುತ್ತವೆ. ಅಕ್ಕಿಯ ನುಚ್ಚನ್ನು ನೆನೆಸಿಕೊಂಡರೆ ಗಾತ್ರದ ಅಂದಾಜು ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದೂ ಉಂಟು. ಈ ಲೇಖನದಲ್ಲಿ ನುಚ್ಚು ಎಂದೇ ಕರೆಯುತ್ತೇನೆ.

ನುಚ್ಚು ಮಾಡುವ ಗಿರಣಿ ಬಿಸಿಲು. ಸೂರ್ಯನ ಅತಿನೇರಳೆ ಕಿರಣ ಬಿದ್ದು, ಗಾಳಿಯ ಆಮ್ಲಜನಕ ಸೇರಿ, ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಗಳು ತುಂಡಾಗುತ್ತವೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಮೈಯೆಲ್ಲ ಬಿರುಕು. ಬೇಲಿಗೆ ಕಟ್ಟಿದ ಗೊಬ್ಬರದ ಚೀಲವನ್ನು ಒಂದೆರಡು ಬೇಸಿಗೆ ಕಳೆದು ಮುಟ್ಟಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬೆರಳಿಗೆ ಪುಡಿ ಬರುತ್ತದೆ. ಆ ಪುಡಿ ಎಲ್ಲಿಗೂ ಹೋಗುವುದಿಲ್ಲ. ಸೊಪ್ಪು ಕೊಳೆತಂತೆ ಕೊಳೆಯುವುದೂ ಇಲ್ಲ, ಬರೀ ಸಣ್ಣದಾಗುತ್ತ ಹೋಗುತ್ತದೆ.

ಸೊಪ್ಪಿನ ಕಷಾಯ ಮಾಡುವ ಕೆಲಸ

ಈಗ ಕೆರೆಯ ವಿಷಯಕ್ಕೆ ಬರೋಣ. ಮೊದಲ ಮಳೆಗೆ ಕಾಡಿನ ಹಳ್ಳದ ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಕೊಳೆತ ಎಲೆಯ ಸಾರ ಅದು. ಮರದ ಎಲೆ, ಬೇರು, ತೊಗಟೆ, ಹುಳುಗಳ ಹಿಕ್ಕೆ ಎಲ್ಲವೂ ಕೊಳೆತು ಕೊನೆಗೆ ಉಳಿಯುವ ಕಪ್ಪು ಕಂದು ಪದಾರ್ಥಕ್ಕೆ ಹ್ಯೂಮಸ್ ಎನ್ನುತ್ತಾರೆ. ಅದರಲ್ಲಿ ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲ ಎಂಬ ಭಾಗಗಳಿವೆ. ನಮ್ಮ ಮಣ್ಣಿನ ಶಕ್ತಿಯೆಲ್ಲ ಇರುವುದು ಇದರಲ್ಲಿ: ನೀರು ಹಿಡಿಯುವುದು, ಪೊಟ್ಯಾಷ್ ಸುಣ್ಣಗಳನ್ನು ಮಳೆಗೆ ಬಿಟ್ಟುಕೊಡದೆ ಹಿಡಿದಿಡುವುದು, ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹೆಂಟೆ ಕಟ್ಟುವುದು.

ಇದಕ್ಕೆ ಇನ್ನೊಂದು ಗುಣವೂ ಇದೆ. ಸಿಕ್ಕಿದ್ದಕ್ಕೆ ಮೆತ್ತಿಕೊಳ್ಳುವುದು. ಸ್ಟೀಲಿನ ಲೋಟದಲ್ಲಿ ದಿನಾ ಕಾಫಿ ಕುಡಿದು ತೊಳೆದಿಟ್ಟರೆ ಅದು ಹಾಗೆಯೇ ಹೊಳೆಯುತ್ತದೆ. ಅದೇ ಪ್ಲಾಸ್ಟಿಕ್ಕಿನ ಲೋಟವಾದರೆ ತಿಂಗಳಲ್ಲಿ ಒಳಗೆಲ್ಲ ಕಂದು ಕಲೆ, ಎಷ್ಟು ಉಜ್ಜಿದರೂ ಹೋಗದು. ಕೆರೆಯಲ್ಲಿ ಬಿದ್ದ ಪ್ಲಾಸ್ಟಿಕ್ ನುಚ್ಚಿಗೂ ಇಂಥದೇ ಗತಿ. ಹೊಸ ಪಾಲಿಥೀನ್ ಎಣ್ಣೆಯ ಜಾತಿಯದು, ನೀರನ್ನು ದೂರವಿಡುತ್ತದೆ. ಹ್ಯೂಮಿಕ್ ಪದಾರ್ಥದಲ್ಲಿ ಎಣ್ಣೆಗೆ ಒಲಿಯುವ ಭಾಗವೂ ಇದೆ, ನೀರಿಗೆ ಒಲಿಯುವ ಭಾಗವೂ ಇದೆ. ಒಂದು ಕೈಯಿಂದ ಪ್ಲಾಸ್ಟಿಕ್ಕನ್ನು ಹಿಡಿದು ಇನ್ನೊಂದು ಕೈಯನ್ನು ನೀರಿಗೆ ಚಾಚುತ್ತದೆ. ಬಿಸಿಲಿಗೆ ಬೆಂದು ಬಿರುಕುಬಿಟ್ಟ ಹಳೆಯ ಪ್ಲಾಸ್ಟಿಕ್ ಆದರೆ ಹಿಡಿಯಲು ಇನ್ನಷ್ಟು ಜಾಗ. ಹೀಗೆ ನುಚ್ಚಿನ ಮೈಗೆ ಸೊಪ್ಪಿನ ಕಷಾಯದ ಒಂದು ಅಂಗಿ ತೊಡಿಸಿದಂತಾಗುತ್ತದೆ.

ಅಂಗಿ ಬಿದ್ದ ಮೇಲೆ ಪ್ಲಾಸ್ಟಿಕ್ಕಿನ ನಡವಳಿಕೆ ಬದಲಾಗುತ್ತದೆ. ನೀರಿನಲ್ಲಿರುವ ಬೇರೆ ಕಣಗಳಿಗೆ ಅದು ಪ್ಲಾಸ್ಟಿಕ್ ಎಂದು ತಿಳಿಯುವುದೇ ಇಲ್ಲ, ಹೊರಮೈ ಎಲೆಗೊಬ್ಬರದ್ದು. ಬ್ಯಾಕ್ಟೀರಿಯಾ, ಪಾಚಿ ಅದರ ಮೇಲೆ ನೆಲೆಯೂರಿ ಲೋಳೆ ಕಟ್ಟುತ್ತವೆ. ಲೋಳೆಗೆ ಜೇಡಿ ಅಂಟುತ್ತದೆ. ಜೇಡಿ ನೀರಿಗಿಂತ ಎರಡೂವರೆ ಪಟ್ಟು ಭಾರ. ಹಗುರಾದ ಚೂರು ಹೀಗೆ ಹೊರೆ ಹೊತ್ತು ಹೊತ್ತು ಕೊನೆಗೆ ಮುಳುಗುತ್ತದೆ. ಪ್ಲಿಮತ್‌ನಲ್ಲಿಯೇ ನಡೆಸಿದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಆಹಾರ ಕಟ್ಟುವ ಪಾಲಿಥೀನ್ ಚೀಲದ ತುಂಡುಗಳನ್ನು ಕಡಲ ನೀರಿನಲ್ಲಿ ಬಿಟ್ಟು ನೋಡಿದರು. ಒಂದು ವಾರದಲ್ಲಿ ಲೋಳೆ ಕಾಣಿಸಿತು, ಮೂರನೆಯ ವಾರದ ಹೊತ್ತಿಗೆ ಚೀಲ ನೀರಿನ ಮೇಲ್ಮೈಯಿಂದ ಕೆಳಗಿಳಿಯಲು ಶುರುವಾಯಿತು. ಅದು ಕಡಲ ನೀರು. ನಮ್ಮ ಕೆರೆಯ ನೀರು ಅದಕ್ಕಿಂತ ತೆಳು, ತೇಲಿಸುವ ಶಕ್ತಿಯೂ ಕಡಿಮೆ. ಜೊತೆಗೆ ಮಳೆಗಾಲದಲ್ಲಿ ಜೇಡಿಗೆ ಬರವಿಲ್ಲ. ನಾನು ಕೋಡಿಯಲ್ಲಿ ಹೊರಟುಹೋಯಿತೆಂದು ತಿಳಿದಿದ್ದ ಚೂರುಗಳ ಉತ್ತರ ಇದೇ.

ಆದರೆ ಎಲ್ಲ ನುಚ್ಚೂ ಇಷ್ಟು ಸುಲಭವಾಗಿ ತಳ ಸೇರುವುದಿಲ್ಲ. ಅತಿ ಸಣ್ಣ ಕಣಗಳ ವಿಷಯದಲ್ಲಿ ಈ ಅಂಗಿ ಉಲ್ಟಾ ಕೆಲಸವನ್ನೂ ಮಾಡುತ್ತದೆ. ಹ್ಯೂಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ. ಒಂದೇ ಬಗೆಯ ಅಂಗಿ ತೊಟ್ಟ ಎರಡು ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಆದ್ದರಿಂದ ಉಪ್ಪಿನಂಶವಿಲ್ಲದ ಘಟ್ಟದ ಹಳ್ಳದ ನೀರಿನಲ್ಲಿ ಅವು ಕೂಡಿಕೊಳ್ಳದೆ ಬಹು ದೂರ ಪ್ರಯಾಣ ಮಾಡುತ್ತವೆ. ಅಳಿವೆಯಲ್ಲಿ ಕಡಲ ಉಪ್ಪು ಬೆರೆತಾಗ, ಅಥವಾ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದಾಗ, ಆ ತಳ್ಳಾಟ ನಿಲ್ಲುತ್ತದೆ. ಸುಣ್ಣದ ಕ್ಯಾಲ್ಸಿಯಂ ಎರಡು ಕೈಯುಳ್ಳದ್ದು. ಒಂದು ಕೈ ಈ ಕಣಕ್ಕೆ, ಇನ್ನೊಂದು ಆ ಕಣಕ್ಕೆ. ಸೇತುವೆ ಬೀಳುತ್ತದೆ, ಕಣಗಳು ಗುಂಪಾಗಿ ಇಳಿಯುತ್ತವೆ. ತೋಟಕ್ಕೆ ಸುಣ್ಣ ಕೊಟ್ಟಾಗ ಜೇಡಿ ಮಣ್ಣು ಹೊಂದಿಕೊಂಡು ಹದವಾಗುವುದೂ ಇದೇ ತತ್ವದ ಮೇಲೆ.

ನೇತ್ರಾವತಿಯಲ್ಲಿ ಸಿಕ್ಕ ಲೆಕ್ಕ

ಇದೆಲ್ಲ ಎಲ್ಲೋ ಪರದೇಶದ ಮಾತು ಎನ್ನುವಂತಿಲ್ಲ. ಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಕಡಲಿಗೆ ಬೀಳುವ ನೇತ್ರಾವತಿಯನ್ನು ಮಣಿಪಾಲದ ಸಂಶೋಧಕರಾದ ಕೆ. ಅಮೃತಾ ಮತ್ತು ಅನೀಶ್ ಕುಮಾರ್ ವಾರಿಯರ್ ಅವರು ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು. ನೀರು, ಹೂಳು, ಮಣ್ಣು ಮೂರನ್ನೂ ನೋಡಿದ್ದು ಅದರ ವಿಶೇಷ. ನದಿಯ ನೀರಿನಲ್ಲಿ ಸರಾಸರಿ ಒಂದು ಘನ ಮೀಟರಿಗೆ 288 ಚೂರು, ಹೂಳಿನಲ್ಲಿ ಕಿಲೋಗೆ 96, ನದಿ ಬದಿಯ ಮಣ್ಣಿನಲ್ಲಿ ಕಿಲೋಗೆ 84 ಚೂರು ಸಿಕ್ಕವು. ಘನ ಮೀಟರ್ ಎಂದರೆ ಸಾವಿರ ಲೀಟರು. ಹಾಗೆ ಲೆಕ್ಕ ಹಾಕಿದರೆ ಒಂದು ಲೀಟರು ನೀರಿನಲ್ಲಿ ಮೂರರಲ್ಲೊಂದು ಚೂರೂ ಇಲ್ಲ, ಒಂದು ಕಿಲೋ ಹೂಳಿನಲ್ಲಿ 96. ಹರಿಯುವ ನೀರು ದಾರಿಹೋಕ; ಹೂಳು ಉಗ್ರಾಣ.

ಕೇರಳದ ವೆಂಬನಾಡು ಕಾಯಲ್ ಇನ್ನೊಂದು ಉದಾಹರಣೆ. ಅಲ್ಲಿಗೂ ಇದೇ ಪಶ್ಚಿಮ ಘಟ್ಟದ ತೋಟಗಳ ನಡುವಿನಿಂದ ಬರುವ ನದಿಗಳೇ ಇಳಿಯುತ್ತವೆ. ಭಾರತದಲ್ಲಿ ಸರೋವರದ ಹೂಳಿನಲ್ಲಿ ಇಂಥ ನುಚ್ಚಿನ ಮೊದಲ ವರದಿ ಬಂದದ್ದು ಅಲ್ಲಿಂದ, 2017ರಲ್ಲಿ. ಹತ್ತು ಕಡೆ ತೆಗೆದ ಮಾದರಿಗಳಲ್ಲಿ ಹತ್ತರಲ್ಲೂ ಇತ್ತು. ಹೆಚ್ಚಿನದು ಯಾವುದು ಗೊತ್ತೆ? ನಮ್ಮ ಸಸಿ ಚೀಲ, ಅಂಗಡಿ ಚೀಲಗಳ ಜಾತಿಯ ತೆಳು ಪಾಲಿಥೀನ್. ತೇಲುವ ಜಾತಿಯದೇ ತಳದಲ್ಲಿ ಅತಿ ಹೆಚ್ಚು!

ಕಿಲೋಗೆ 96 ಎಂದರೆ ಹೆಚ್ಚೋ ಕಡಿಮೆಯೋ? ಸ್ವಲ್ಪ ಲೆಕ್ಕ ಮಾಡೋಣ. ಕಾಫಿ ನರ್ಸರಿಯಲ್ಲಿ ಬಳಸುವ ಸಸಿ ಚೀಲ 9 ಅಂಗುಲ ಉದ್ದ, 6 ಅಂಗುಲ ಅಗಲ. ಎರಡು ಮುಖ ಸೇರಿ 108 ಚದರ ಅಂಗುಲ. ಇದು 69,000 ಚದರ ಮಿಲಿಮೀಟರಿಗೂ ಹೆಚ್ಚು. ಅಂದರೆ ಒಂದೇ ಒಂದು ಚೀಲ ಒಂದು ಮಿಲಿಮೀಟರ್ ಚೌಕದ ನುಚ್ಚಾಗಿ ಒಡೆದರೆ 69,000 ಚೂರು. ತೂಕ ನೋಡಿದರೆ ಎರಡೂವರೆ ಗ್ರಾಂ. ನೇತ್ರಾವತಿಯ ಹೂಳಿನ ಮಟ್ಟಕ್ಕೆ ಏಳು ಕ್ವಿಂಟಲ್ ಹೂಳನ್ನು ಕೆಡಿಸಲು ಆ ಒಂದು ಚೀಲ ಸಾಕು. ಇದನ್ನೇ ತಿರುಗಿಸಿ ನೋಡಿ: ಒಂದು ಟ್ರಾಕ್ಟರ್ ಲೋಡು 3 ಟನ್ ಎಂದು ಹಿಡಿದರೆ ಅದೇ ಮಟ್ಟದ ಹೂಳಿನಲ್ಲಿ 2,88,000 ಚೂರು ತೋಟಕ್ಕೆ ಬಂದವು. ಕೇಳಲು ಎದೆ ಝಲ್ಲೆನ್ನುವ ಸಂಖ್ಯೆ. ಆದರೆ ಅದು ನಾಲ್ಕು ಸಸಿ ಚೀಲ, ಹತ್ತು ಗ್ರಾಂ. ನಾಟಿ ಮಾಡಿದ ದಿನ ಯಾರಾದರೂ ಬಗ್ಗಿ ಹೆಕ್ಕಿದ್ದರೆ ಅರ್ಧ ನಿಮಿಷದ ಕೆಲಸ. ನುಚ್ಚಾದ ಮೇಲೆ ಊರೆಲ್ಲ ಸೇರಿದರೂ ಹೆಕ್ಕಲಾಗದು.

ಹೆಂಟೆಯೊಳಗಿನ ಕಪಾಟು

ನಮ್ಮ ಕೆಲಸದ ಹೆಂಗಸು ಒಡೆದು ತೋರಿಸಿದ ಹೆಂಟೆಯ ಕಥೆಗೆ ಚೀನಾದಿಂದ ಸಾಕ್ಷಿ ಸಿಕ್ಕಿತು. ನೈಋತ್ಯ ಚೀನಾದ ದಿಯಾನ್‌ಚಿ ಸರೋವರದ ಬದಿಯ ತರಕಾರಿ ಹೊಲ ಮತ್ತು ಕಾಡಿನ ಪಟ್ಟಿಯ ಮಣ್ಣನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿ ಅದು. ಅಲ್ಲಿ ಪ್ಲಾಸ್ಟಿಕ್ ವಿಪರೀತ. ಕಿಲೋ ಮಣ್ಣಿಗೆ 7,100 ಚೂರಿನಿಂದ ಹಿಡಿದು 42,960ರವರೆಗೆ. ಆ ಚೂರುಗಳಲ್ಲಿ ನೂರಕ್ಕೆ 72 ಮಣ್ಣಿನ ಕಣಗುಚ್ಛಗಳಿಗೆ ಅಂಟಿಕೊಂಡಿದ್ದವು. ಬಿಡಿಯಾಗಿ ಇದ್ದದ್ದು 28 ಮಾತ್ರ.

ಕಣಗುಚ್ಛ ಕಟ್ಟುವ ಅಂಟು ಯಾವುದು? ಹ್ಯೂಮಸ್ಸು, ಬೇರಿನ ರಸ, ಬೂಷ್ಟಿನ ಎಳೆ, ಎರೆಹುಳುವಿನ ಜೊಲ್ಲು. ಒಳ್ಳೆಯ ಮಣ್ಣು ಮಾಡುವ ಅಂಟೇ ಪ್ಲಾಸ್ಟಿಕ್ಕನ್ನೂ ಮಣ್ಣಿಗೆ ಕಟ್ಟಿಹಾಕುತ್ತದೆ. ಎಲ್ಲಿ ಸಾವಯವ ಅಂಶ ಬಂದು ಕೂರುತ್ತದೋ ಅಲ್ಲಿಯೇ ನುಚ್ಚೂ ಬಂದು ಕೂರುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ಎರಡೂ ಹಗುರ. ನೀರಿನ ಓಟ ನಿಂತ ಕಡೆ ಎರಡೂ ಒಟ್ಟಿಗೆ ಇಳಿಯುತ್ತವೆ. ಕೆರೆಯ ಬಾಯಲ್ಲಿ ಮರಳು, ನಡುವಿನ ಆಳದಲ್ಲಿ ಕಪ್ಪು ಗೋಡು. ನಾವು ಬಯಸಿ ಬಯಸಿ ತೆಗೆಯುವುದು ಆ ಕಪ್ಪು ಗೋಡನ್ನೇ.

ಕೆರೆಯ ತಳದ ಕತ್ತಲೆಯಲ್ಲಿ ಪ್ಲಾಸ್ಟಿಕ್ಕಿಗೆ ಬಿಸಿಲಿಲ್ಲ, ಆಮ್ಲಜನಕವೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದು ಒಡೆಯುವ ವೇಗ ಬಹಳ ತಗ್ಗುತ್ತದೆ. ಉಪ್ಪಿನಲ್ಲಿಟ್ಟ ಮಾವಿನ ಮಿಡಿಯಂತೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ನಾವು ಹೂಳು ತೆಗೆದು ತೋಟದಲ್ಲಿ ಹರಡಿದ ದಿನ ಅದು ಮತ್ತೆ ಗಾಳಿ ಬಿಸಿಲು ಕಾಣುತ್ತದೆ, ನಿಂತ ಗಿರಣಿ ಮತ್ತೆ ತಿರುಗುತ್ತದೆ.

ಎರೆಹುಳು, ಮೈಲುತುತ್ತ, ಮಣ್ಣು ಪರೀಕ್ಷೆ

ಇದರಿಂದ ನಮಗೇನು ನಷ್ಟ ಎಂದು ಕೇಳುವವರಿಗೆ ಎರೆಹುಳುವಿನ ಪ್ರಯೋಗವೊಂದನ್ನು ಹೇಳಬೇಕು. ಹಾಲೆಂಡಿನ ವ್ಯಾಗೆನಿಂಗೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ್ದು. ಎರೆಹುಳುಗಳ ಆಹಾರವಾದ ದರಗಿಗೆ ಪಾಲಿಥೀನ್ ಪುಡಿಯನ್ನು ತೂಕದ ಲೆಕ್ಕದಲ್ಲಿ ನೂರಕ್ಕೆ 7, 28, 45, 60ರಂತೆ ಬೆರೆಸಿದರು. 60 ದಿನ ಕಳೆದಾಗ 28 ಮತ್ತು ಅದಕ್ಕೂ ಹೆಚ್ಚು ಬೆರೆಸಿದ ಕಡೆ ಹುಳುಗಳು ಹೆಚ್ಚು ಸತ್ತಿದ್ದವು. ಬೆಳವಣಿಗೆಯೂ ಕುಂದಿತ್ತು. ನಮ್ಮ ಹೂಳಿನಲ್ಲಿರುವುದು ಅದರ ಸಾವಿರದಲ್ಲೊಂದು ಪಾಲೂ ಅಲ್ಲ, ಹೆದರಿ ಓಡುವ ಪ್ರಮಾಣವಲ್ಲ. ಆದರೆ ಎರೆಹುಳು ದರಗನ್ನು ಬಿಲದೊಳಗೆ ಎಳೆದುಕೊಳ್ಳುವಾಗ ನುಚ್ಚನ್ನೂ ಜೊತೆಗೆ ಒಯ್ಯುತ್ತದೆ ಎಂಬುದು ಅದೇ ತಂಡದ ಮುಂದಿನ ಕೆಲಸದಿಂದ ತಿಳಿಯಿತು. ನಾವು ಮೇಲೆ ಹರಡಿದ್ದು ಬೇರಿನ ಮಟ್ಟಕ್ಕೆ ಇಳಿಯುತ್ತದೆ. ವರ್ಷ ವರ್ಷವೂ ಬಂದದ್ದು ಉಳಿಯುತ್ತದೆ. ಸೊಪ್ಪಿನ ಖಾತೆಯಲ್ಲಿ ಜಮೆಯೂ ಉಂಟು ಖರ್ಚೂ ಉಂಟು; ಪ್ಲಾಸ್ಟಿಕ್ಕಿನ ಖಾತೆಯಲ್ಲಿ ಬರೀ ಜಮೆ. ಅಡಿಕೆ ತೋಟ ಒಂದು ತಲೆಮಾರಿನದಲ್ಲ, ಅದೇ ಯೋಚನೆ.

ಮೈಲುತುತ್ತದ ಮಾತನ್ನೂ ಇಲ್ಲಿ ತೆಗೆಯಬೇಕು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದಂದಿನಿಂದ ಅಡಿಕೆ ತೋಟದ ಮಣ್ಣಿಗೆ ತಾಮ್ರ ಬೀಳುತ್ತಲೇ ಇದೆ. ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಲ್ಲಿ ಹ್ಯೂಮಸ್ಸಿಗೆ ಎದುರಿಲ್ಲ. ಹಿಡಿದಿಟ್ಟಿರುವುದರಿಂದಲೇ ಬೇರಿಗೆ ಪೆಟ್ಟು ಕಡಿಮೆ. ಇತ್ತ ಕಡಲ ದಂಡೆಯಲ್ಲಿ ಬಿದ್ದು ಹಳೆಯದಾದ ಪ್ಲಾಸ್ಟಿಕ್ ಹರಳುಗಳು ಹೊಸ ಹರಳುಗಳಿಗಿಂತ ಲೋಹಗಳನ್ನು ಹೆಚ್ಚು ಹಿಡಿಯುತ್ತವೆಂದು ಪ್ಲಿಮತ್‌ನ ಇನ್ನೊಂದು ಅಧ್ಯಯನ 2012ರಲ್ಲಿ ತೋರಿಸಿತು. ಹಳೆಯ ನುಚ್ಚಿನ ಮೈಮೇಲಿನ ಬಿರುಕು, ಅಂಗಿ ಎರಡೂ ಇದಕ್ಕೆ ಕಾರಣ. ಹೀಗಾಗಿ ತೋಟದಿಂದ ಕೊಚ್ಚಿಹೋಗುವ ನುಚ್ಚು ಬರಿಗೈಯಲ್ಲಿ ಹೋಗುವುದಿಲ್ಲ, ಒಂದಿಷ್ಟು ತಾಮ್ರವನ್ನೂ ಹೊತ್ತು ಹೊಳೆಗಿಳಿಯುತ್ತದೆ. ಸೊಪ್ಪು ಗೊಬ್ಬರ ಧಾರಾಳವಾಗಿ ಬಿದ್ದಿರುವ ತೋಟದಲ್ಲಿ ತಾಮ್ರದ ಬಹುಪಾಲು ಹ್ಯೂಮಸ್ಸಿನ ಬಳಿಯೇ ಇರುತ್ತದೆಂದು ನನ್ನ ಅಭಿಪ್ರಾಯ, ಏಕೆಂದರೆ ಪ್ಲಾಸ್ಟಿಕ್ಕಿಗೆ ಹೋಲಿಸಿದರೆ ಅದು ಸಾವಿರಾರು ಪಟ್ಟು ಹೆಚ್ಚು. ಬಡ ಮಣ್ಣಿನಲ್ಲಿ ಆ ಭರವಸೆ ಇಲ್ಲ.

ಮಣ್ಣು ಪರೀಕ್ಷೆಯ ಬಗ್ಗೆ ಒಂದೇ ಮಾತು. ಪಾಲಿಥೀನಿನ ತೂಕದಲ್ಲಿ ನೂರಕ್ಕೆ 85 ಪಾಲು ಇಂಗಾಲ. ಮಣ್ಣನ್ನು ಸುಟ್ಟು ಇಂಗಾಲ ಅಳೆಯುವ ವಿಧಾನಗಳಲ್ಲಿ ಪ್ಲಾಸ್ಟಿಕ್ಕೂ ಸಾವಯವ ಇಂಗಾಲವೆಂದು ಲೆಕ್ಕಕ್ಕೆ ಸೇರಿಬಿಡುತ್ತದೆ ಎಂದು ಜರ್ಮನಿಯ ಮತ್ತಿಯಾಸ್ ರಿಲ್ಲಿಗ್ 2018ರಲ್ಲಿ ಎಚ್ಚರಿಸಿದ್ದರು. ನಮ್ಮ ತೋಟಗಳಲ್ಲಿ ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ. ಆದರೂ ವೇಷ ಹಾಕುವುದರಲ್ಲಿ ಇದು ಎಷ್ಟು ನಿಪುಣವೆಂದು ತಿಳಿಯಲು ಹೇಳಿದೆ.

ಮನೆಯಲ್ಲೇ ನೋಡುವ ಬಗೆ

ಹೂಳು ತರಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ಕೆರೆಯ ನಾಲ್ಕಾರು ಕಡೆಯಿಂದ ಹೂಳು ತಂದು ನೆರಳಲ್ಲಿ ಒಣಗಿಸಿ ನೂರು ಗ್ರಾಂ ತೂಗಿ. ಒಂದು ದಿನ ನೀರಿನಲ್ಲಿ ನೆನೆಹಾಕಿ ಕೈಯಿಂದ ಚೆನ್ನಾಗಿ ಕಿವುಚಿ, ಹೆಂಟೆ ಒಡೆಯದಿದ್ದರೆ ಒಳಗಿನದು ಹೊರಬರುವುದಿಲ್ಲ. ತಿಳಿನೀರನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಮಣ್ಣಿಗೇ ಸೇರಿಸಿ. ನಂತರ ಒಂದು ಲೀಟರು ನೀರಿಗೆ 350 ಗ್ರಾಂ ಅಡುಗೆ ಉಪ್ಪು ಕರಗಿಸಿ ಅದರಲ್ಲಿ ಆ ಮಣ್ಣನ್ನು ಕದಡಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಪಾತ್ರೆ ಸ್ಟೀಲಿನದೋ ಗಾಜಿನದೋ ಇರಲಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪ್ಲಾಸ್ಟಿಕ್ ಹುಡುಕುವುದು ಸರಿಯಲ್ಲ. ಉಪ್ಪುನೀರು ಸಾದಾ ನೀರಿಗಿಂತ 1.2 ಪಟ್ಟು ಭಾರವಾದ್ದರಿಂದ ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡೂ ಮೇಲೆ ಬರುತ್ತವೆ. ಪೈಪಿನ ಪಿ.ವಿ.ಸಿ. ಮತ್ತು ನೀರಿನ ಬಾಟಲಿಯ ಚೂರು ಬರುವುದಿಲ್ಲ, ಅವು ಇನ್ನೂ ಭಾರ.

ಬೆಳಿಗ್ಗೆ ಮೇಲೆ ತೇಲಿರುವುದನ್ನು ಬಿಳಿ ಬಟ್ಟೆಯ ಮೇಲೆ ಸೋಸಿಕೊಂಡರೆ ನಿಜವಾದ ಕಷ್ಟ ಶುರು. ತೇಲುವುದು ಪ್ಲಾಸ್ಟಿಕ್ ಮಾತ್ರವಲ್ಲ. ಎಲೆಯ ನರ, ಬೇರಿನ ಸಿಪ್ಪೆ, ಜೀರುಂಡೆಯ ರೆಕ್ಕೆ, ಇದ್ದಲ ಚೂರು ಎಲ್ಲವೂ ಅಲ್ಲಿರುತ್ತವೆ. ಎಲ್ಲಕ್ಕೂ ಒಂದೇ ಕಂದು ಅಂಗಿ. ಪ್ರಯೋಗಶಾಲೆಯಲ್ಲಿಯೂ ಇದೇ ತೊಂದರೆ. ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸಾವಯವ ಅಂಶವನ್ನೆಲ್ಲ ಕರಗಿಸಿಬಿಡುತ್ತಾರೆ, ಆಮೇಲೆ ಎಣಿಸುತ್ತಾರೆ. ಆ ಔಷಧ ಮೈ ಸುಡುವಂಥದು, ಮನೆಯಲ್ಲಿ ಬೇಡ. ನಮಗೆ ಕಾದ ಸೂಜಿ ಸಾಕು. ಅನುಮಾನದ ಚೂರಿಗೆ ಮುಟ್ಟಿಸಿದರೆ ಪ್ಲಾಸ್ಟಿಕ್ ಮುದುಡುತ್ತದೆ ಇಲ್ಲವೇ ಕರಗಿ ಸೂಜಿಗೆ ಹತ್ತುತ್ತದೆ. ಎಲೆ ಕರಿಕಾಗುತ್ತದೆ. ಒಂದು ಭೂತಗನ್ನಡಿ ಇದ್ದರೆ ಇನ್ನೂ ಅನುಕೂಲ. ಕೆಲಸ ಮುಗಿದ ಮೇಲೆ ಆ ಉಪ್ಪುನೀರನ್ನು ಮರದ ಬುಡಕ್ಕೆ ಚೆಲ್ಲಬೇಡಿ. ಇದನ್ನು ಹೇಳಬೇಕಾಗಿ ಬಂದದ್ದೇಕೆಂದರೆ ನಮ್ಮ ಮನೆಯಲ್ಲಿ ನಡೆದ ಮೊದಲ ಪರೀಕ್ಷೆಯ ಉಪ್ಪುನೀರು ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋಗಿತ್ತು.

ಮಾಡಬಹುದಾದದ್ದು

ಇಷ್ಟು ಓದಿ ಯಾರಾದರೂ ಹೂಳು ಹಾಕುವುದನ್ನೇ ನಿಲ್ಲಿಸಿದರೆ ನನ್ನ ಬರಹ ತಪ್ಪಾಯಿತು. ಹೂಳಿನ ಹ್ಯೂಮಸ್ಸು ನಮಗೆ ಬೇಕೇ ಬೇಕು. ಮಾಡಬೇಕಾದ ಕೆಲಸವೆಲ್ಲ ಕೆರೆಯ ಮೇಲ್ಗಡೆ, ಪ್ಲಾಸ್ಟಿಕ್ ಇನ್ನೂ ಇಡಿಯಾಗಿರುವಾಗ ಇದೆ.

ಕಾಫಿ ಸಸಿ ನೆಡುವ ದಿನ ಚೀಲದ ಲೆಕ್ಕ ಇಡುವುದನ್ನು ನಾನು ಈಗ ರೂಢಿ ಮಾಡಿಕೊಂಡಿದ್ದೇನೆ. ಇನ್ನೂರು ಸಸಿ ಹೋದರೆ ಸಂಜೆಗೆ ಇನ್ನೂರು ಖಾಲಿ ಚೀಲ ಮನೆಗೆ ಬರಬೇಕು. ಮೊದಲ ದಿನ ಆಳುಗಳು ನಕ್ಕರು. ಈಗ ಅವರೇ ಸರಿಗೆಗೆ ಪೋಣಿಸಿ ತರುತ್ತಾರೆ. ತಳ ಮಾತ್ರ ಕತ್ತರಿಸಿ ಚೀಲ ಸಮೇತ ಗುಂಡಿಗಿಳಿಸುವ ಪದ್ಧತಿ ಕೆಲವು ಕಡೆ ಇದೆ. ಬೇರಿಗೂ ಕೇಡು, ಮಣ್ಣಿಗೂ ಕೇಡು. ಮತ್ತೆ ಮತ್ತೆ ಬಳಸಬಹುದಾದ ರೂಟ್ ಟ್ರೈನರ್ ಲೋಟಗಳಲ್ಲಿ ಸಸಿ ಎಬ್ಬಿಸುವ ನರ್ಸರಿ ಹತ್ತಿರದಲ್ಲಿದ್ದರೆ ಒಳ್ಳೆಯದು.

ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯದು ಇನ್ನೊಂದು ಕಥೆ. ಹಿಂದೆ ಕರಡದ ಕೊಟ್ಟೆ ಕಟ್ಟುತ್ತಿದ್ದರು, ಬಿದ್ದರೆ ಅಲ್ಲೇ ಕೊಳೆತು ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ಕಿನದನ್ನು ಮಳೆಗಾಲ ಮುಗಿದೊಡನೆ ಬಿಚ್ಚಿಸದೆ ಕೊಯ್ಲಿನವರೆಗೂ ಬಿಟ್ಟರೆ ಬಿಸಿಲಿಗೆ ಒರಟಾಗಿ, ಕೊನೆಯ ಜೊತೆ ಬಿದ್ದು ಪುಡಿಯಾಗುತ್ತದೆ. ಬಸಿಗಾಲುವೆಗೆ ಬಿದ್ದರೆ ಮುಂದಿನ ನಿಲ್ದಾಣ ಕೆರೆಯೋ ಹೊಳೆಯೋ ಎಂಬುದಷ್ಟೇ ಪ್ರಶ್ನೆ. ಗೊಬ್ಬರದ ಚೀಲವನ್ನು ಮಣ್ಣು ತುಂಬಿ ಒಡ್ಡಿಗೆ ಇಡುವವರೂ ಇದ್ದಾರೆ. ಬಿಸಿಲು ಬೀಳುವ ಕಡೆ ಅದು ಎರಡು ವರ್ಷ ನಿಲ್ಲುವುದಿಲ್ಲ. ಎಲ್ಲಾದರೂ ಪ್ಲಾಸ್ಟಿಕ್ ರಾಶಿಗೆ ಬೆಂಕಿ ಹಾಕುವ ಯೋಚನೆ ಬಂದರೆ ಬಿಡಿ. ಹೊಗೆ ವಿಷ, ಅರ್ಧ ಕರಗಿದ್ದು ಮುದ್ದೆಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ತಾನಾಗಿ ಕರಗಿಹೋಗುವ ಚೀಲವೆಂದು ಅಂಗಡಿಯವರು ಕೊಡುವುದನ್ನೂ ವಿಚಾರಿಸಿ ಕೊಳ್ಳಿ. ಬಿಸಿಲಿಗೆ ಬೇಗ ಒಡೆಯುವ ರಾಸಾಯನಿಕ ಸೇರಿಸಿದ ಪ್ಲಾಸ್ಟಿಕ್ ಬೇಗ ನುಚ್ಚಾಗುತ್ತದೆ, ಬೇಗ ಮಾಯವಾಗುವುದಿಲ್ಲ. ಯುರೋಪಿನ ಒಕ್ಕೂಟ 2021ರಿಂದ ಆ ಬಗೆಯದರ ಮಾರಾಟವನ್ನೇ ನಿಲ್ಲಿಸಿದೆ. ಪೇಟೆಯ ಕಸದಿಂದ ಮಾಡಿದ ಕಾಂಪೋಸ್ಟ್ ಕೊಳ್ಳುವಾಗಲೂ ಮೇಲೆ ಹೇಳಿದ ಉಪ್ಪುನೀರಿನ ಪರೀಕ್ಷೆ ಮಾಡಿ ನೋಡಬಹುದು. ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದವರು 2018ರಲ್ಲಿ ಮನೆಮನೆಯ ಅಡುಗೆ ಕಸದ ಗೊಬ್ಬರದಲ್ಲಿಯೂ ನುಚ್ಚು ಕಂಡುಹಿಡಿದಿದ್ದರು, ಅಷ್ಟೊಂದು ವಿಂಗಡಣೆ ಮಾಡುವ ದೇಶದಲ್ಲಿ!

ಕಾಫಿ ತೋಟದ ತೊಟ್ಟಿಲು ಗುಂಡಿಗಳನ್ನು ಮಾತ್ರ ಮರೆಯಬಾರದು. ನೀರಿನ ಓಟ ತಡೆಯಲು ತೋಡಿದ ಈ ಗುಂಡಿಗಳು ನಮಗೆ ಅರಿವಿಲ್ಲದೆಯೇ ಜರಡಿಯ ಕೆಲಸವನ್ನೂ ಮಾಡುತ್ತವೆ. ದರಗು ಕೂತಲ್ಲಿ ಪ್ಲಾಸ್ಟಿಕ್ಕೂ ಕೂರುತ್ತದೆ ಎಂದೆನಲ್ಲ, ಕೆರೆಗೆ ಬರುವ ಮೊದಲೇ ಹಿಡಿಯುವ ಜಾಗ ಅದು. ಗುಂಡಿ ಮಗುಚುವಾಗ ಕಣ್ಣಿಗೆ ಕಾಣುವ ತುಂಡುಗಳನ್ನು ಹೆಕ್ಕಿಸಿದರೆ ಕೆರೆಗೆ ಹೋಗುವುದು ಅಷ್ಟರಮಟ್ಟಿಗೆ ಕಡಿಮೆಯಾಯಿತು. ಕೆರೆಯ ಬಾಯಿಗೆ ನಾನು ಕಳೆದ ಮಳೆಗಾಲದಲ್ಲಿ ಬಿದಿರು ದಬ್ಬೆಯ ತಟ್ಟಿಯೊಂದನ್ನು ಕಟ್ಟಿಸಿದೆ. ಕಸ ಕಟ್ಟಿ ಎರಡು ಸಲ ನೀರು ಬದಿಗೆ ನುಗ್ಗಿತು, ವಾರಕ್ಕೊಮ್ಮೆ ಬಿಡಿಸಬೇಕಾಯಿತು. ಆದರೂ ಒಂದು ಮಳೆಗಾಲಕ್ಕೆ ಒಂದು ಗೋಣಿಯಷ್ಟು ಪ್ಲಾಸ್ಟಿಕ್ ಸಿಕ್ಕಿತು. ಅದರಲ್ಲಿ ನನ್ನ ತೋಟದ್ದಲ್ಲದ ಚಿಪ್ಸಿನ ಪೊಟ್ಟಣಗಳೂ ಇದ್ದವು. ಮೇಲಿನ ರಸ್ತೆಯಿಂದ ಬಂದವು.

ಈಗ ಉಳಿದಿರುವ ತೊಡಕೆಂದರೆ ಹೀಗೆ ಕೂಡಿಸಿದ್ದನ್ನು ಎಲ್ಲಿಗೆ ಒಯ್ಯುವುದು. ಗುಜರಿಯವರು ಮಣ್ಣು ಮೆತ್ತಿದ ತೆಳು ಚೀಲ ಮುಟ್ಟುವುದಿಲ್ಲ. ತೊಳೆದು ಒಣಗಿಸಿ ಮೂಟೆ ಕಟ್ಟಿ, ಒಂದು ಲೋಡು ಆಗುವಷ್ಟಿದ್ದರೆ ಒಯ್ಯುತ್ತಾರೆ. ಒಬ್ಬೊಬ್ಬರ ಮನೆಯಲ್ಲಿ ಲೋಡು ಆಗದು. ಸಂಘದ ಗೊಬ್ಬರದ ಗೋದಾಮಿನ ಪಕ್ಕದ ಚಾವಡಿ ಬೇಸಿಗೆಯಲ್ಲಿ ಖಾಲಿ ಇರುತ್ತದೆ. ಗೊಬ್ಬರ ಒಯ್ಯಲು ಬರುವ ಸದಸ್ಯರು ಬರುವಾಗ ಹಳೆಯ ಚೀಲ, ಕೊಟ್ಟೆ, ಹರಿದ ಟಾರ್ಪಾಲುಗಳನ್ನು ತಂದು ಅಲ್ಲಿ ಹಾಕಿದರೆ ವಾಹನ ಹೇಗೂ ಖಾಲಿ ಬರುವುದು ತಪ್ಪುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತಬೇಕೆಂದಿದ್ದೇನೆ. ನನ್ನ ಮನೆಯ ಅಟ್ಟದಲ್ಲಿ ಸದ್ಯಕ್ಕೆ ಮೂರು ಮೂಟೆ ಇವೆ.